ಮಾವನಿಗೊಂದು ‘ಬಾನ್ ವೊಯಾಜ್’

ಬಳ್ಳಾರಿಯಲ್ಲಿ ಇಂಗ್ಲಿಷ್ ಬಲ್ಲ ಗುಮಾಸ್ತರು ಬೇಕಾದಷ್ಟಿದ್ದರು. ಫ್ರೆಂಚ್ ಬಲ್ಲವನು ನಾನೊಬ್ಬನೇ ಆಗಬೇಕೆಂದು ಪಣ ತೊಟ್ಟೆ! ಬಂಡವಾಳ ಎರಡೇ ಪದ: ‘ಬಾನ್ ವೊಯಾಜ್’. ಎರಡನೇ ಮಹಾಯುದ್ಧ ಮುಗಿದ ಮೇಲೆ ನಮ್ಮ ಕಚೇರಿಯ ಬಿಳಿ ದೊರೆ ವಿಲಾಯತಿಗೆ ಹೊರಟಾಗ ಹೆಡ್ ಗುಮಾಸ್ತ ಚಿನ್ನಪ್ಪನವರು ಹಾಗೆಂದು ಕೈಕುಲುಕಿದ್ದರು.

"ಮಾತು ಫ್ರೆಂಚರದು, ಆಡೋರು ಇಂಗ್ಲಿಷರು. ಪ್ರಯಾಣ ಸುಖವಾಗ್ಲಿ ಅಂತ ಅರ್ಥ. ದೂರ ಹೋಗೋರಿಗೆ ಮಾತ್ರ ಹೇಳ್ಬೇಕ್ರಿ, ಮೂಗಿನಾಗ!" ಎಂದು ನನಗೆ ಬಿಡಿಸಿ ಹೇಳಿದ್ದರು.

ನನಗೆ ಸಿಕ್ಕ ದೂರದ ಪ್ರಯಾಣಿಕರೆಂದರೆ ತೆಕ್ಕಲಕೋಟೆಯ ನನ್ನ ಮಾವ ಪಕ್ಕೀರಪ್ಪನವರು! ಮಗಳ ಮುಖ ನೋಡಿ ಹೋಗಲು ಬಂದವರು ತಿಂಗಳಿಡೀ ನೋಡಿ, ಕೊನೆಗೂ ಸಿರುಗುಪ್ಪದ ಬಸ್ಸು ಹತ್ತಿದ್ದರು. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಬುಸುಗುಟ್ಟಿತು. ನಾನು ಮೂಗಿನಲ್ಲೇ ಕೂಗಿದೆ:

"ಬಾನ್ ವೊಯಾಜ್!"

ಮಾವ ಕಿಟಕಿಯಿಂದ ತಲೆ ಹೊರಹಾಕಿದರು. "ಏನಂದ್ರಿ? ಬಾನ ಒಯ್ಯಜ್ಜಾ?"

ಬಾನ ಎಂದರೆ ನಮ್ಮ ಕಡೆ ಅನ್ನ; ‘ಅನ್ನ ಒಯ್ಯಿ, ಅಜ್ಜಾ’ ಎಂದು ಅವರಿಗೆ ಕೇಳಿಸಿತ್ತು! ನಾನು ಕಿಟಕಿಯ ಹತ್ತಿರ ಓಡಿದೆ. "ಅಲ್ರಿ ಮಾವ, ಅದು..."

"ಅಜ್ಜ ಅಂದಿದ್ದು ಹೋಗ್ಲಿ ಬಿಡ್ರಿ. ಈ ರೇಷನ್ ಕಾಲದಾಗ ಬಾನ ಕಟ್ಟಿ ಕಳಸೋ ಅಳಿಯ ಯಾರಿಗೆ ಸಿಗ್ತಾನ್ರಿ!" ಎಂದು ಕಣ್ಣೊರೆಸಿಕೊಳ್ಳುತ್ತ ಇಳಿದೇಬಿಟ್ಟರು. "ಎಲ್ಲೈತಿ?"

ಬಸ್ಸು ಹೋಯಿತು. ಮಾವ ಉಳಿದರು.

ಮನೆ ಬಾಗಿಲಲ್ಲಿ ಅಪ್ಪನನ್ನು ಮತ್ತೆ ಕಂಡ ನನ್ನ ಹೆಂಡತಿ ಜಂಬಮ್ಮ, ಸಂಗತಿ ಕೇಳಿ, ಹಬ್ಬಕ್ಕೆಂದು ಉಳಿಸಿದ್ದ ಅಕ್ಕಿಯ ಡಬ್ಬಿ ಇಳಿಸಿದಳು.

"ಕನ್ನಡದಾಗ ಕಳಸಾಕ ಬರಲಿಲ್ಲೇನ್ರಿ ನಿಮಗ?"

"ಅದು ಫ್ರೆಂಚ್ ಐತಿ!"

"ಹಂಗಾದ್ರ ಹಬ್ಬದ ದಿನ ಅದನ್ನ ಉಣ್ರಿ!"

ಪಡಸಾಲೆಯಿಂದ ಮಾವನ ದನಿ ಬಂತು: "ಮೊಸರು ಜಾಸ್ತಿ ಹಾಕವ್ವಾ!"

ಮರುದಿನ ಮೊಸರನ್ನದ ಗಂಟನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮಾವ ಬಸ್ಸಿನಲ್ಲಿ ಕೂತರು. ಫ್ರೆಂಚರ ಸಹವಾಸವೇ ಸಾಕೆಂದು ನಾನು ಕೈಮುಗಿದು, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ಅಚ್ಚ ಕನ್ನಡದಲ್ಲಿ ಹೇಳಿದೆ: "ಹೋಗಿ ಬರ್ರಿ ಮಾವ!" ಅವರು ತಲೆಯಾಡಿಸಿದರು. ಈ ಸಲ ಸರಿಯಾಗಿ ಕೇಳಿಸಿತ್ತು. ಬಸ್ಸು ಹೊರಟಿತು, ಮನೆಗೆ ಹಾಡು ಗುನುಗುತ್ತ ಬಂದೆ.

ವಾರ ತುಂಬಿರಲಿಲ್ಲ. ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಮಾವ! ಹಿಂದೆ ಅತ್ತೆ ಗಂಗಕ್ಕ, ಕಂಕುಳಲ್ಲಿ ಹಾಸಿಗೆಯ ಸುರುಳಿ.

"ಮಾವ... ಇಷ್ಟು ಲಗೂನ?"

"ಹೋಗಿ ಬರ್ರಿ ಅಂತ ಕೈಮುಗಿದು ಅಂದ್ರಲ್ಲ ಅಳಿಯಾರ! ಹೋಗಿದ್ದು ಒಬ್ಬನ, ಬಂದಿದ್ದು ಇಬ್ಬರು!"