ಬಾಡೂಟದ ದಿನ ಊರು ಎಣಿಸಿದ್ದು

ಆರೋಗ್ಯ ಉಪಕೇಂದ್ರದ ನರ್ಸ್ ಕೆಲಸದಲ್ಲಿ ಸೂಜಿ ಚುಚ್ಚುವುದು ಸುಲಭ, ಊರಿನ ತಲೆ ಎಣಿಸುವುದೇ ಕಷ್ಟ. ಸಂತೆಬಾಚಹಳ್ಳಿ ಕಡೆಯ ಒಂದು ಊರಂತೂ ನನ್ನ ಲೆಕ್ಕವನ್ನು ನೆಟ್ಟಗೆ ನಿಲ್ಲಲು ಬಿಟ್ಟಿದ್ದೇ ಇಲ್ಲ. ಅಲ್ಲಿ ವಯಸ್ಸಾದವರು ಬಿಪಿ, ಶುಗರ್ ಮಾತ್ರೆಗೆ ಕೆ.ಆರ್. ಪೇಟೆ ಬಸ್ಸು ಹಿಡಿಯಬೇಕಿತ್ತು. ಬಸ್ಸು ತಪ್ಪಿದರೆ ಮಾತ್ರೆಯೂ ತಪ್ಪುತ್ತಿತ್ತು. ತಿಂಗಳಿಗೊಮ್ಮೆ ಡಾಕ್ಟರೇ ಊರಿಗೆ ಬರಲಿ ಎಂದು ನನಗೆ ಹಟ. "ಯಾವ ವಯಸ್ಸಿನವರು ಎಷ್ಟಿದ್ದಾರೆ ತೋರಿಸಿ, ಆಮೇಲೆ ನೋಡೋಣ," ಎಂದರು ಡಾಕ್ಟರು.

ಉಣ್ಣುವವರು

ಎಲ್ಲರೂ ಮನೆಯಲ್ಲೇ ಸಿಗುತ್ತಾರೆಂದು ಯುಗಾದಿಯ ಮಾರನೆಯ ದಿನ, ಹೊಸತೊಡಕಿನಂದು ಹೋದೆ. ಪ್ರತಿ ಮನೆಯ ಒಲೆ ಮೇಲೂ ಬಾಡು, ಜಗಲಿ ತುಂಬ ಮಕ್ಕಳು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಹೆಂಗಸರು ಸೌಟು ಹಿಡಿದೇ ಥಟ್ಟನೆ ಹೇಳುತ್ತಿದ್ದರು. ನನ್ನ ಲೆಕ್ಕ ನೋಡಿದ ಡಾಕ್ಟರು, "ಇದು ಮಕ್ಕಳ ಊರಮ್ಮ, ಮೊದಲು ಲಸಿಕೆ ಹಾಕೋಣ," ಎಂದುಬಿಟ್ಟರು. ಡಬ್ಬಿ ತುಂಬ ಲಸಿಕೆ ತಂದು ಕೂತರೆ ಬಂದದ್ದು ಒಂದೇ ಕೂಸು. ಉಳಿದ ಮಕ್ಕಳೆಲ್ಲಿ ಎಂದು ಹಬ್ಬದ ದಿನ ಲೆಕ್ಕ ಹೇಳಿದ್ದ ಒಬ್ಬ ಅತ್ತೆಯಮ್ಮನನ್ನು ಕೇಳಿದೆ.

"ಉಂಡ್ಬುಟ್ಟು ಅವತ್ತೇ ಮೈಸೂರಿಗೋದ್ವು ಕಣವ್ವ."

"ಮನೇಲಿ ಹದಿನಾಲ್ಕು ಜನ ಅಂದ್ರಲ್ಲ?"

"ನೀನು ಮುದ್ದೆಗೆ ಎಸರಿಡೋ ಒತ್ನಲ್ಲಿ ಬಂದು ಕೇಳ್ದೆ. ಉಣ್ಣೋರ್ನ ಯೋಳ್ದೆ. ನಿನ್ನೂ ಸೇರಿಸ್ಕಂಡೇ ಯೋಳಿದ್ದು."

ಡೇರಿ ಮುಂದೆ

ಬೆಳಿಗ್ಗೆ ಡೇರಿಗೆ ಹಾಲು ತರುವವರು ಊರಲ್ಲೇ ಇರುವವರು ತಾನೆ? ಎರಡನೆಯ ಸಲ ಎಣಿಸಲು ಅಲ್ಲೇ ಹೋಗಿ ನಿಂತೆ. "ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಒಬ್ಬ ಯಜಮಾನರನ್ನು ಕೇಳಿದೆ.

"ಎರಡು ದಿನದಿಂದ ಏನೂ ಮುಟ್ಟಿಲ್ಲ ಕಣವ್ವ. ಮೈ ಸುಡ್ತದೆ. ನಂಗೂ ನಿದ್ದೆಯಿಲ್ಲ."

ಗಾಬರಿಯಿಂದ ಕೈಚೀಲ ಎತ್ತಿಕೊಂಡೆ. "ವಯಸ್ಸೆಷ್ಟು?"

"ಮೂರ್ನೇ ಸೂಲು."

ಅವರು ಹೇಳುತ್ತಿದ್ದದ್ದು ಹಸುವಿನ ಕಷ್ಟ. ನಿಮ್ಮ ಹೆಂಡತಿ ಹೇಗಿದ್ದಾರೆ ಎಂದರೆ, "ಅವಳ್ಗೇನಾಗ್ಯದೆ?" ಎಂದರು. ಹಿಂದೆಯೇ ಕ್ಯಾನು ಹಿಡಿದು ನಿಂತಿದ್ದ ಆಕೆ, "ನಂಗೂ ಡೇರೀಲಿ ರೇಟು ಕಟ್ಟಿದ್ರೆ ಇವ್ರು ನೋಡೋರು ಬುಡಿ," ಎಂದರು.

ಜೊತೆಗೆ ಬಂದವರು

ಅಂತೂ ಊರಲ್ಲೇ ಇರುವವರನ್ನು ಎಣಿಸಿದಾಗ ಅದು ಅಜ್ಜ ಅಜ್ಜಿಯರ ಊರೆಂದು ಗೊತ್ತಾಯಿತು. ಡಾಕ್ಟರು ಬರಲು ಒಪ್ಪಿದರು. "ಜನ ಬರದಿದ್ರೆ ಇದೇ ಕೊನೆ," ಎಂದೂ ಹೇಳಿದರು.

ಅವರು ಬಂದ ದಿನ ಶಾಲೆಯ ಜಗಲಿಯಲ್ಲಿ ಊರಿನ ಅಜ್ಜಿಯರೆಲ್ಲ ಬಂದು ಕೂತಿದ್ದರು. ನನಗೆ ಖುಷಿಯೋ ಖುಷಿ. "ವಯಸ್ಸಾದೋರೆಲ್ಲ ಮುಂದೆ ಬನ್ನಿ," ಎಂದರು ಡಾಕ್ಟರು. ಒಬ್ಬರೂ ಏಳಲಿಲ್ಲ. ಮೊದಲ ಅಜ್ಜಿಯ ಕೈ ಹಿಡಿದರೆ, "ನಾನಲ್ಲ ಕಣವ್ವ, ಇವಳ ಜೊತೆಗೆ ಬಂದಿವ್ನಿ," ಎಂದು ಪಕ್ಕದವರನ್ನು ತೋರಿಸಿದರು. ಪಕ್ಕದವರು, "ಅವಳ್ನ ಕರ್ಕಂಡು ಬಂದಿರೋಳು ನಾನು," ಎಂದರು. ಸಾಲು ಪೂರ್ತಿ ಇದೇ ಕತೆ. ಡಾಕ್ಟರು ಗಡಿಯಾರ ನೋಡತೊಡಗಿದರು. ಇಷ್ಟು ಓಡಾಡಿದ್ದೆಲ್ಲ ನೀರುಪಾಲಾಯಿತು ಎಂದು ನನಗೆ ಅಳುವೇ ಬಂತು.

"ವಯಸ್ಸಾದವರು ಆಮೇಲೆ ಬರಲಿ," ಎಂದೆ. "ಜೊತೆಗೆ ಬಂದವರನ್ನ ಮೊದಲು ನೋಡ್ತೀವಿ."

ಜಗಲಿಗೆ ಜಗಲಿಯೇ ಎದ್ದು ಸಾಲು ನಿಂತಿತು. ಮಧ್ಯಾಹ್ನದ ತನಕ ಬಿಪಿ ನೋಡಿದ್ದೇ ನೋಡಿದ್ದು. ಡಾಕ್ಟರು ಬೆವರೊರೆಸಿಕೊಂಡು, "ಮುಂದಿನ ತಿಂಗಳೂ ಬರ್ತೀನಿ," ಎಂದರು.

ಮಾತ್ರೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಟಿದ್ದ ಮೊದಲ ಅಜ್ಜಿ ತಿರುಗಿ ನಿಂತರು. "ಬನ್ನಿ ಸ್ವಾಮಿ. ಅಷ್ಟೊತ್ಗೆ ಊರಲ್ಲಿ ಯಾರಿಗಾದ್ರೂ ವಯಸ್ಸಾಗಿರ್ತದೆ."