ಸ್ಲೈಡಿನೊಳಗೆ ತೆರೆಯದ ದನಗಳ ಪಟ್ಟಿ

ಕಂಪ್ಯೂಟರು ಯಾರ ಮನೆಗೆ ಬಂದರೂ ಅದರ ಬೆನ್ನಿಗೇ ಒಂದು ಫಜೀತಿ ಬರುತ್ತದೆ, ಆ ಫಜೀತಿ ನೆಟ್ಟಗೆ ನನ್ನ ಮೆಟ್ಟಿಲು ಹತ್ತುತ್ತದೆ. ರೋಣದ ಬಸ್ ನಿಲ್ದಾಣದ ಹತ್ತಿರ, ಒಬ್ಬ ದರ್ಜಿಯ ಅಂಗಡಿಯ ಮೇಲೆ, ನನ್ನದೊಂದು ಟೈಪಿಂಗ್ ಕ್ಲಾಸು ಇತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಟೈಪ್‌ರೈಟರುಗಳನ್ನು ಮೂಲೆಗೆ ಸರಿಸಿ ನಾಲ್ಕು ಕಂಪ್ಯೂಟರು ತಂದಿಟ್ಟೆ. ಬೋರ್ಡು ಬದಲಾಯಿತು. ಜನರಿಗೆ ಮಾತ್ರ ನಾನು ಟೈಪಿಂಗ್ ಅಕ್ಕಾರ ಆಗಿಯೇ ಉಳಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತಪ್ಪು ಕೀ ಒತ್ತಿದವರ ಬೆರಳಿಗೆ ಸ್ಕೇಲಿನಿಂದ ತಟ್ಟುವ ಹಳೆಯ ಚಟವೂ ಬಿಟ್ಟಿರಲಿಲ್ಲ. ಆದರೆ ಆ ವರ್ಷ ಮೂರು ಊರು ಸುತ್ತಿಸಿದ ಒಂದೇ ಒಂದು ಸ್ಲೈಡು ನನ್ನ ಸಿಟ್ಟನ್ನು ಬಹಳಷ್ಟು ಇಳಿಸಿತು.

ಮನೆ ಸಮೇತ

ಯಾವಗಲ್ ಕಡೆಯ ಒಂದು ಹಳ್ಳಿಯ ದನದ ಡಾಕ್ಟರು ಬೆಳಿಗ್ಗೆಯೇ ಬಂದು ಕೂತಿದ್ದರು. ಗಜೇಂದ್ರಗಡದ ಮುಸಲ್ಮಾನ ವ್ಯಾಪಾರಸ್ಥರ ಮನೆಯವರು. ಅಂಗಡಿಯಲ್ಲಿ ಕೂಡುವುದು ಬಿಟ್ಟು ದನಗಳ ಬೆನ್ನು ಹತ್ತಿದವರು. ಪೆನ್ ಡ್ರೈವ್ ಆಗಿನ್ನೂ ಹೊಸದು, ಅದನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು.

ಸಣ್ಣ ದವಾಖಾನೆಗಳನ್ನು ಮುಚ್ಚಿ ದೊಡ್ಡವಕ್ಕೆ ಸೇರಿಸುವ ಮಾತು ಇಲಾಖೆಯಲ್ಲಿ ನಡೆದಿತ್ತು. ಯಾವುದು ಉಳಿಯಬೇಕು ಎಂದು ದೊಡ್ಡ ಸಾಹೇಬರು ಬೇರೆ ಬೇರೆ ಊರುಗಳಲ್ಲಿ ಮೀಟಿಂಗ್ ಮಾಡಿ, ಗೋಡೆಯ ಮೇಲೆ ಸ್ಲೈಡ್ ನೋಡಿ ತೀರ್ಮಾನಿಸುವವರಿದ್ದರು. ಇವರದು ಮುಚ್ಚಿದರೆ, ಕಾಲು ಮುರಿದ ಎತ್ತನ್ನೂ ಟ್ರ್ಯಾಕ್ಟರಿಗೆ ಹೇರಿಕೊಂಡು ರೋಣಕ್ಕೆ ತರಬೇಕಾಗುತ್ತಿತ್ತು. ಅದಕ್ಕೆಂದೇ ಡಾಕ್ಟರು ತಾವು ನೋಡಿದ ಒಂದೊಂದು ದನವನ್ನೂ ಎಕ್ಸೆಲ್ ಪಟ್ಟಿಯಲ್ಲಿ ಬರೆಸಿ, ಸ್ಲೈಡಿಗೆ ಲಿಂಕ್ ಮಾಡಿಸಿದ್ದರು.

"ಅಕ್ಕಾರ, ಸ್ಲೈಡ್ ತೆರೀತೈತ್ರಿ. ಅದರೊಳಗಿನ ಪಟ್ಟಿ ತೆರಿಯಂಗಿಲ್ರಿ," ಅಂದರು.

ಪೆನ್ ಡ್ರೈವ್ ಹಾಕಿ ನೋಡಿದೆ. ಸ್ಲೈಡಿನ ಫೈಲು ಒಂದೇ ಇತ್ತು.

"ಸರ, ಇದರಾಗ ಪಟ್ಟಿನ ಇಲ್ಲ. ಪಟ್ಟಿದು ವಿಳಾಸ ಅಷ್ಟ ಐತಿ. ವಿಳಾಸ ತಂದು ಮನಿ ಊರಾಗ ಬಿಟ್ಟ ಬಂದೀರಿ."

"ವಿಳಾಸ ಇದ್ದರ ಹುಡುಕ್ಕೊಂಡ ಹೋಗೂದಿಲ್ಲೇನ್ರಿ?"

"ರೋಣದಾಗ ಕುಂತ ಕಂಪ್ಯೂಟರ್ ನಿಮ್ಮ ಊರಿಗೆ ಹ್ಯಾಂಗ ಹೋಗ್ಬೇಕ್ರಿ? ಎರಡನ್ನೂ ಕೂಡೇ ತರ್ರಿ," ಎಂದು ರೇಗಿದೆ.

ಅವರು ಬಹಳ ವಿಧೇಯರಾಗಿ ತಲೆಯಾಡಿಸಿ ಹೋದರು. ಮರುದಿನ ದರ್ಜಿಯ ಅಂಗಡಿಯ ಮುಂದೆ ಟ್ರ್ಯಾಕ್ಟರ್ ಬಂದು ನಿಂತಿತು. ಟ್ರೇಲರಿನಲ್ಲಿ ಹೊಟ್ಟಿನ ಚೀಲಗಳ ನಡುವೆ ಕೌದಿ ಹೊದ್ದುಕೊಂಡು ದವಾಖಾನೆಯ ಇಡೀ ಕಂಪ್ಯೂಟರು ಕೂತಿತ್ತು. ಪಕ್ಕದಲ್ಲಿ ಅದನ್ನು ಅವುಚಿ ಹಿಡಿದುಕೊಂಡು ಅವರ ವಯಸ್ಸಾದ ಕಂಪೌಂಡರ್. ಡಾಕ್ಟರು ಕೆಳಗಿನಿಂದಲೇ ಕೂಗಿದರು:

"ಮನೀ ಸಮೇತ ತಂದೀನ್ರಿ ಅಕ್ಕಾರ, ಈಗ ತೆಗೀರಿ!"

ಒಂದೇ ಎಮ್ಮೆ

ಸ್ಲೈಡನ್ನೂ ಪಟ್ಟಿಯನ್ನೂ ಪೆನ್ ಡ್ರೈವಿನ ಒಂದೇ ಫೋಲ್ಡರಿನಲ್ಲಿ ಇಟ್ಟು ಹೊಸದಾಗಿ ಲಿಂಕ್ ಮಾಡಿದೆ. ಲಿಂಕ್ ಹತ್ತಿದೆಯೋ ಇಲ್ಲವೋ ನೋಡಲು ಖಾಲಿ ಪಟ್ಟಿಯಲ್ಲಿ 'ಎಮ್ಮೆ, ಒಂದು' ಎಂದು ನಾನೇ ಬರೆದೆ. ಸ್ಲೈಡಿನಲ್ಲಿಯೂ ಎಮ್ಮೆ ಬಂತು. ಸ್ಲೈಡ್ ಮುಚ್ಚಿ, ಆಮೇಲೆ ಅವರ ಪೂರ್ತಿ ಪಟ್ಟಿ ಆ ಫೈಲಿನಲ್ಲಿ ತುಂಬಿದೆ. ಸ್ಲೈಡ್ ತೆರೆದಾಗ 'ಲಿಂಕ್ ಹೊಸದು ಮಾಡಲೇ' ಎಂದು ಕೇಳುತ್ತದೆ, ಹೌದು ಅನ್ನಬೇಕು, ಅಷ್ಟೇ; ಬೇಡ ಅಂದರೆ ಹಳೆಯದೇ ನಿಲ್ಲುತ್ತದೆ. ಇಷ್ಟನ್ನು ಹೇಳಲು ನಾನು ಮರೆತೆ. ತಪ್ಪು ಪೂರಾ ನನ್ನದು.

ಮೊದಲ ಮೀಟಿಂಗ್ ರೋಣದಲ್ಲೇ. ಸ್ಲೈಡ್ ತೆರೆಯಿತು, ಪ್ರಶ್ನೆ ಬಂತು. ಡಾಕ್ಟರು ಸರ್ಕಾರಿ ನೌಕರಿಯಲ್ಲಿ ಪಳಗಿದವರು. ಸಾಹೇಬರ ಎದುರಿಗೆ ತಾವಾಗಿಯೇ 'ಹೌದು' ಅಂದುಬಿಡುವವರಲ್ಲ.

"ಸಾಹೇಬ್ರ, ಕಂಪ್ಯೂಟರ್ ಪರವಾನಗಿ ಕೇಳಾಕತ್ತೈತ್ರಿ."

"ಎದಕ್ಕ?"

"ಏನೋ ಹೊಸಾದು ಮಾಡಾಕಂತ್ರಿ."

"ಹೊಸಾದು ಏನೂ ಬ್ಯಾಡ. ಇದ್ದದ್ದು ತೋರಸ್ರಿ," ಅಂದರು ಸಾಹೇಬರು.

ಡಾಕ್ಟರು ಬೇಡ ಎಂದು ಒತ್ತಿದರು. ಗೋಡೆಯ ಮೇಲೆ 'ನಮ್ಮ ದವಾಖಾನೆಯ ವರ್ಷದ ಕೆಲಸ' ಎಂಬ ದೊಡ್ಡ ಅಕ್ಷರ, ಅದರ ಕೆಳಗೆ ನಾನು ಬರೆದ ಹಳೆಯ ಎಮ್ಮೆ ಒಂದೇ ನಿಂತಿತ್ತು.

ಸಾಹೇಬರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರಂತೆ. "ವರ್ಷಕ್ಕ ಒಂದ ಎಮ್ಮಿ. ಅದರ ಆರೋಗ್ಯಾನರ ಈಗ ಚಲೋ ಐತೇನ್ರಿ?"

ಶ್ರೀ

ಇದನ್ನು ಕೇಳಿ ನಾನು ನಗಲಿಲ್ಲ. ನಾಚಿಕೆಯಾಯಿತು. ನನ್ನ ಒಂದು ಎಮ್ಮೆ ಅವರ ಒಂದು ವರ್ಷದ ದುಡಿಮೆಯನ್ನು ಮೇದುಬಿಟ್ಟಿತ್ತು. ಡಾಕ್ಟರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದು ಇನ್ನೂ ಚುಚ್ಚಿತು. ಪುಣ್ಯಕ್ಕೆ ಸಾಹೇಬರು ನರಗುಂದದ ಮೀಟಿಂಗಿನಲ್ಲಿ ಇನ್ನೊಮ್ಮೆ ತೋರಿಸಿರಿ ಎಂದಿದ್ದರು.

ಈ ಸಲ ಸ್ಲೈಡಿನ ಮೇಲೆ ಪಟ್ಟಿಯನ್ನೇ ಇಡಲಿಲ್ಲ. ಒಂದು ಸಣ್ಣ ಗುರುತು ಇಟ್ಟೆ, ಅದನ್ನು ಒತ್ತಿದರೆ ಪೂರ್ತಿ ಪಟ್ಟಿ ತೆರೆಯಬೇಕು. ಹತ್ತು ಸಲ ತೆರೆದು ನೋಡಿ ಕಳಿಸಿಕೊಟ್ಟೆ. ಕಂಪೌಂಡರಿಗೂ ನಾಲ್ಕು ದಿನ ಕೂಡಿಸಿಕೊಂಡು ಪಟ್ಟಿ ತುಂಬುವುದು, ಫೈಲಿಗೆ ಹೆಸರಿಡುವುದು ಎಲ್ಲ ಕಲಿಸಿದೆ. ಅರವತ್ತರ ಹತ್ತಿರದವರಾದರೂ ನನ್ನ ಸ್ಕೇಲಿಗೆ ಒಮ್ಮೆಯೂ ಕೆಲಸ ಕೊಡಲಿಲ್ಲ.

ನರಗುಂದದಿಂದ ಮಧ್ಯಾಹ್ನ ಡಾಕ್ಟರ ಫೋನು ಬಂತು.

"ಅಕ್ಕಾರ, ಒತ್ತಿದರ ಫೈಲ್ ಸಿಗವಲ್ತು ಅಂತೈತ್ರಿ. ಸಾಹೇಬರು ಮುಂದ ಕುಂತಾರ."

"ಫೋಲ್ಡರ್ ತೆಗೀರಿ. ಏನೇನು ಕಾಣತಾವ?"

"ಎರಡು ಅದಾವ್ರಿ. ಒಂದು ಸ್ಲೈಡಿಂದು. ಇನ್ನೊಂದರ ಹೆಸರು... ಶ್ರೀ ದನದ ಪಟ್ಟಿ."

ನಾನು ಇಟ್ಟ ಹೆಸರು ಬರೀ ದನದ ಪಟ್ಟಿ. ಶ್ರೀ ಎಲ್ಲಿಂದ ಬಂತು? ಡಾಕ್ಟರ ಪಕ್ಕದಲ್ಲಿದ್ದ ಕಂಪೌಂಡರು ಫೋನು ಇಸಿದುಕೊಂಡು ಹೆಮ್ಮೆಯಿಂದ ಹೇಳಿದರು: "ನಾನ ಹಾಕೀನ್ರಿ ಅಕ್ಕಾರ. ನೀವ ಕಲಿಸಿದ್ರಲ್ಲ. ಮ್ಯಾಲೆ ಶ್ರೀ ಇಲ್ಲದ ಕಾಗದ ಸಾಹೇಬರ ಮುಂದ ಹ್ಯಾಂಗ ಇಡೂದ್ರಿ?"

ಹೆಸರು ಬದಲಾದರೆ ಲಿಂಕಿಗೆ ಗುರುತು ಸಿಗುವುದಿಲ್ಲ ಎಂದು ಅರ್ಥ ಮಾಡಿಸುವಷ್ಟು ಪುರುಸೊತ್ತು ಇರಲಿಲ್ಲ. ಆ ಶ್ರೀ ಲಗೂನ ಅಳಿಸಿಬಿಡಿ ಎಂದೆ. ಫೋನು ಮತ್ತೆ ಡಾಕ್ಟರ ಕೈಗೆ ಹೋಯಿತು. ಆಮೇಲೆ ಡಾಕ್ಟರ ಪಿಸುದನಿ:

"ಬರದ ಶ್ರೀ ಅಳಸೂದಿಲ್ಲ ಅಂತಾರ್ರಿ ಅವರು. ಇನ್ನ ನಾ ಮುಸಲ್ಮಾನ, ಹಿರ್ಯಾರು ಬರದ ಶ್ರೀ ನಾ ಅಳಿಸಿದರ ಚಲೋ ಕಾಣತೈತೇನ್ರಿ?"

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ದವಾಖಾನೆಯೇ ಹೋಗುವ ಹೊತ್ತಿನಲ್ಲೂ ಒಬ್ಬರ ಮನಸ್ಸು ಇನ್ನೊಬ್ಬರು ಹೀಗೆ ಕಾಯುತ್ತಿದ್ದರು. ಹಾಗಾದರೆ ಸ್ಲೈಡ್ ಬಿಡಿ, ಪಟ್ಟಿಯನ್ನೇ ನೇರವಾಗಿ ತೆಗೆಯಿರಿ ಎಂದೆ.

"ತೆಗದೆ ಅಂತ ತಿಳೀರಿ ಅಕ್ಕಾರ," ಅಂದರು ಡಾಕ್ಟರು. "ಈಗ ಕರೆಂಟ್ ಹೋತು."

ಹೊಸ ರೋಗ

ಗಜೇಂದ್ರಗಡದ್ದು ಕಡೆಯ ಮೀಟಿಂಗ್. ಈ ಸಲವೂ ಪಟ್ಟಿ ತೆರೆಯದಿದ್ದರೆ ದವಾಖಾನೆಯ ಹೆಸರು ಮುಚ್ಚುವವುಗಳ ಸಾಲಿಗೆ ಹೋಗುತ್ತಿತ್ತು. ನಾನು ಶ್ರೀಯನ್ನು ಹಾಗೆಯೇ ಬಿಟ್ಟು, ಲಿಂಕಿನಲ್ಲೇ ಶ್ರೀ ಸೇರಿಸಿ ಸರಿಮಾಡಿದೆ. ಕ್ಲಾಸಿಗೆ ರಜೆ ಕೊಟ್ಟು, ಬಸ್ಸು ಹಿಡಿದು, ಖುದ್ದು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಡಾಕ್ಟರು ಅಂದು ಬೆಳಿಗ್ಗೆ ಕಂಪೌಂಡರಿಂದ ಪಟ್ಟಿಯನ್ನು ಆ ಗಳಿಗೆಯವರೆಗೂ ತುಂಬಿಸಿಕೊಂಡು ಬಂದಿದ್ದರು.

ಗುರುತು ಒತ್ತಿದರು. ಕಂಪ್ಯೂಟರು ಒಂದು ಕ್ಷಣ ಯೋಚನೆ ಮಾಡಿತು. ಆಮೇಲೆ ಗೋಡೆಯ ತುಂಬ ಪಟ್ಟಿ ತೆರೆಯಿತು. ನಾನು ಬೆಂಚಿನಿಂದ ಅರ್ಧ ಎದ್ದೇಬಿಟ್ಟೆ.

ಎಕ್ಸೆಲ್ ಪಟ್ಟಿ ಮುಚ್ಚುವಾಗ ಎಲ್ಲಿದ್ದೆವೋ ಅಲ್ಲಿಯೇ ತೆರೆದುಕೊಳ್ಳುತ್ತದೆ. ಕಂಪೌಂಡರು ಬೆಳಿಗ್ಗೆ ಎಲ್ಲಕ್ಕೂ ಕೆಳಗಿನ ಸಾಲುಗಳನ್ನು ತುಂಬಿ ಅಲ್ಲಿಯೇ ಮುಚ್ಚಿದ್ದರು. ಸಾಹೇಬರೂ ಮೂಲದಲ್ಲಿ ದನದ ಡಾಕ್ಟರೇ. ಅವರು ಗಟ್ಟಿಯಾಗಿ ಓದತೊಡಗಿದರು.

"ಎತ್ತು. ರೋಗ, ಮೀಟಿಂಗ್. ಔಷಧ, ನಾಳೆ ಬರ್ರಿ." ನಿಂತರು. "ಎಮ್ಮಿ. ರೋಗ, ಮೀಟಿಂಗ್. ಔಷಧ, ನಾಳೆ ಬರ್ರಿ. ಆಡು. ಆಡಿಗೂ ಮೀಟಿಂಗ್! ಡಾಕ್ಟ್ರ, ಈ ರೋಗ ನಾ ಕಾಲೇಜಿನ್ಯಾಗ ಓದಿಲ್ಲಲ್ರಿ. ಯಾವಾಗಿಂದ ಹಬ್ಬೇತಿ?"

ಡಾಕ್ಟರು ಗಡಬಡಿಸಿ ಹೇಳಿದರು: "ಅದು ನಮ್ಮ ಕಂಪೌಂಡರ್ ಬರದಾರ್ರಿ ಸಾಹೇಬ್ರ. ನಾ ಮೀಟಿಂಗಿಗೆ ಹೊಂಟಾಗ ಬಾಗಲ ಮುಂದ ನಿಂತಿದ್ದ ದನಗೋಳ್ರಿ ಅವು. ರೋಣದ ದಿನಾ ಬಂದಿತ್ತು, ನರಗುಂದದ ದಿನಾ ಬಂದಿತ್ತು, ಇವತ್ತು ಜಾಸ್ತಿ ಆಗೈತ್ರಿ."

ಸಭೆಯೆಲ್ಲ ನಕ್ಕಿತು. ಸಾಹೇಬರೂ ನಕ್ಕರು. ನಗುತ್ತಲೇ ಪಟ್ಟಿಯನ್ನು ಮೇಲಕ್ಕೆ ಸರಿಸಲು ಹೇಳಿದರು. ಅದು ಸರಿದೇ ಸರಿಯಿತು. ಹೋರಿ, ಕರು, ಕುರಿ, ಬಾವು, ಜ್ವರ, ಹುಳ, ಕಷ್ಟದ ಈಯುವಿಕೆ, ಎಲ್ಲದರ ಮುಂದೆಯೂ 'ಗುಣ ಆತು' ಎಂದಿತ್ತು. ಎಷ್ಟು ಮೇಲೆ ಹೋದರೂ ಮುಗಿಯಲಿಲ್ಲ. ನಗು ತಾನಾಗಿಯೇ ಇಳಿಯಿತು. ದವಾಖಾನೆ ಯಾಕೆ ಬೇಕು ಎಂದು ತೋರಿಸಲು ನಾವು ಮೂರು ಸಲ ದವಾಖಾನೆಯನ್ನೇ ಮುಚ್ಚಿ ಬಂದಿದ್ದೆವು. ಅಷ್ಟು ದಿನ ಲಿಂಕ್ ಲಿಂಕ್ ಎಂದು ಒದ್ದಾಡಿದ ನನಗೆ ಬಾಗಿಲಲ್ಲಿ ನಿಂತ ಆ ದನಗಳು ಅಲ್ಲಿಯವರೆಗೂ ಕಂಡಿರಲಿಲ್ಲ.

"ಇದನ್ನ ಮುಚ್ಚೂದು ಬ್ಯಾಡಂತ ನಾ ಬರದ ಕಳಸ್ತೀನಿ," ಅಂದರು ಸಾಹೇಬರು. "ನೀವು ಈಗಿಂದೀಗ ಎದ್ದ ಹೋಗ್ರಿ. ಎತ್ತು ಕಾಯಾಕತ್ತೈತಿ."

ಕೆಲವು ದಿನಗಳ ಮೇಲೆ, ದವಾಖಾನೆ ಉಳಿಯಿತು ಎಂಬ ಆದೇಶದ ಕಾಗದ ಬಂತು. ಪೇಢೆ ತಿನ್ನಲು ಕರೆದಿದ್ದರು, ಹೋದೆ. ಕಂಪೌಂಡರು ನನ್ನನ್ನು ಕಂಪ್ಯೂಟರಿನ ಮುಂದೆ ಕೂಡಿಸಿ ಪಟ್ಟಿ ತೋರಿಸಿದರು. ಮೀಟಿಂಗ್ ರೋಗದ ಸಾಲುಗಳಲ್ಲಿ 'ನಾಳೆ ಬರ್ರಿ' ಹೋಗಿ ಹೊಸದು ಬಂದಿತ್ತು. ಔಷಧ: ಸಾಹೇಬರ ಸಹಿ. ಫಲ: ಗುಣ ಆತು.

ಡಾಕ್ಟರು ಖುಷಿಯಿಂದ, "ಅಕ್ಕಾರ, ಕಡೀ ಸಲ ಸ್ಲೈಡಿನೊಳಗ ಒಮ್ಮಿ ತೆರದ ತೋರಸ್ರಿ," ಅಂದರು. ಗುರುತು ಒತ್ತಿದೆ. ಫೈಲು ಸಿಗುತ್ತಿಲ್ಲ ಎಂದಿತು. ಮತ್ತೆ ಒತ್ತಿದೆ. ಸಿಗುತ್ತಿಲ್ಲ. ಕಂಪೌಂಡರ ಕಡೆ ತಿರುಗಿ ನೋಡಿದೆ.

ಅವರು ಎರಡೂ ಕೈ ಜೋಡಿಸಿದರು. "ಕೆಲಸ ಆದರ ಇನ್ನೊಂದ ಶ್ರೀ ಹಾಕ್ತೀನಂತ ಹರಕಿ ಹೊತ್ತಿದ್ದೆನ್ರಿ ಅಕ್ಕಾರ."