ಕಳಶಕ್ಕೆ ಹೋದ ಹತ್ತು ಸೆಂಟು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗುರುವಾರ, ನನ್ನ ಸಂಗ್ರಹದಲ್ಲಿದ್ದ ಅಮೆರಿಕದ ಹಳೆಯ ಹತ್ತು ಸೆಂಟಿನ ಬೆಳ್ಳಿ ನಾಣ್ಯವೊಂದು ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯಿಂದ ಭದ್ರಾವತಿಯ ನಾದಿನಿ ಸುಮಾಳ ಮನೆಗೆ ಹೋಯಿತು. ನನಗೆ ಸುದ್ದಿ ತಲುಪಿದ್ದು ಶುಕ್ರವಾರ ಮಧ್ಯಾಹ್ನ. ಆಯುಷ್ಯವೆಲ್ಲ ಸುದ್ದಿಮನೆಯಲ್ಲಿ ಕಳೆದವನಿಗೆ ಸ್ವಂತ ಮನೆಯ ಸುದ್ದಿ ಒಂದು ದಿನ ತಡ.

"ಕಳಶಕ್ಕೆ ಹಾಕೋ ಬೆಳ್ಳಿ ಕಾಸು ಅವಳಿಗೆ ಸಿಗ್ಲಿಲ್ವಂತೆ. ನಿಮ್ಮ ಡಬ್ಬಿ ತುಂಬ ಇದೆಯಲ್ಲ, ಒಂದು ಕೊಟ್ಟೆ. ದೇವ್ರಿಗೆ ತಾನೇ?" ಎಂದಳು ಹೆಂಡತಿ.

ದೇವರ ಬಗ್ಗೆ ನನ್ನ ತಕರಾರಿಲ್ಲ. ಭಯವಿದ್ದದ್ದು ವಿಭೂತಿಯ ಬಗ್ಗೆ. ನಮ್ಮ ಮನೆಗಳಲ್ಲಿ ಬೆಳ್ಳಿ ಕಪ್ಪಾದರೆ ಮನೆಯಾಕೆಗೆ ಅವಮಾನ. ಹಬ್ಬಕ್ಕೆ ಮುಂಚೆ ವಿಭೂತಿ ಹಾಕಿ ಫಳಫಳ ಉಜ್ಜಲೇಬೇಕು. ನಾಣ್ಯ ಕೂಡಿಡುವವರ ಶಾಸ್ತ್ರ ಇದಕ್ಕೆ ತದ್ವಿರುದ್ಧ. ಆ ಕಪ್ಪೇ ನಾಣ್ಯದ ವಯಸ್ಸು, ಅದೇ ಗೌರವ. ಉಜ್ಜಿದರೆ ನಾಣ್ಯದ ಬೆಲೆ ಮುಗಿಯಿತು. ರೆಕ್ಕೆಯ ಟೋಪಿ ತೊಟ್ಟ ಹೆಣ್ಣಿನ ಮುಖವಿರುವ ಈ ನಾಣ್ಯ ಡಬ್ಬಿಯಲ್ಲಿದ್ದವುಗಳಲ್ಲೆಲ್ಲ ಚಂದವಾಗಿ ಕಪ್ಪಾಗಿತ್ತು. ಇಷ್ಟು ಕೊಳೆಯಾಗಿದೆ ಎಂದರೆ ಇವರಿಗೆ ಬೇಡವಾದದ್ದೇ ಇರಬೇಕು ಎಂದು ಹೆಂಡತಿ ಅದನ್ನೇ ಆರಿಸಿದ್ದಳು.

ಭದ್ರಾವತಿಯ ಬಸ್ಸು ಹತ್ತಿದೆ. ಮಾಚೇನಹಳ್ಳಿಯಲ್ಲಿ ಯಾವುದೋ ಶೆಡ್ಡಿನಿಂದ ಕಬ್ಬಿಣ ಉಜ್ಜುವ ಸದ್ದು ಕೇಳಿ ಕಿಟಕಿ ಎಳೆದು ಮುಚ್ಚಿದೆ. ಸುಮಾಳ ಮನೆಯ ಹೊಸ್ತಿಲಲ್ಲೇ ಕೇಳಿದೆ.

"ಆ ಕಾಸು ಉಜ್ಜಿದ್ಯೇನಮ್ಮಾ ಸುಮಾ?"

"ಉಜ್ಜದೆ ಹಾಕ್ತಾರಾ ಭಾವ? ಏನು ಕೇಳ್ತೀರಿ ಮಾರಾಯ್ರೆ! ಬೆಳ್ಳಿ ಕೆಲಸ ಎಲ್ಲಾ ಇವರಿಗೇ ಒಪ್ಸಿದ್ದೆ" ಎಂದು ಗಂಡನತ್ತ ತೋರಿಸಿದಳು. ನನ್ನ ಷಡ್ಡಕ ಶಂಕರ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ಒಂದ್ಸಲ ತೆಗೆದು ನೋಡ್ಲಾ?"

"ನಾಳೆ ಪೂಜೆ ಮಾಡಿ ಕಳಶ ಕದಲಿಸೋವರ್ಗೂ ಮುಟ್ಟಂಗಿಲ್ಲ."

ಅಲ್ಲೇ ಉಳಿದೆ. ಹೋಳಿಗೆ ಬಡಿಸಿದರು, ಅದರ ರುಚಿಯನ್ನು ವರದಿ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಶನಿವಾರ ಬೆಳಿಗ್ಗೆ ಕಳಶ ಕದಲಿತು. ಸುಮಾ ಅಕ್ಕಿಯೊಳಗೆ ಕೈ ಹಾಕಿ ನಾಣ್ಯ ತೆಗೆದಳು. ಮೂಗಿನ ತುದಿಯಿಂದ ರೆಕ್ಕೆಯವರೆಗೆ, ಹೇಗಿತ್ತೋ ಹಾಗೆ ಕಪ್ಪಗಿತ್ತು. ನನಗೆ ಹೋದ ಜೀವ ಬಂತು.

"ರೀ, ಎಲ್ಲಾ ಉಜ್ಜಿದೀನಿ ಅಂದ್ರಲ್ಲ?"

"ದೊಡ್ಡವೆಲ್ಲ ಉಜ್ಜಿದೆ ಕಣೇ. ಇದು ಇಷ್ಟೇ ಇಷ್ಟು, ಅಕ್ಕಿಯೊಳಗೆ ಹೋಗುತ್ತೆ, ಯಾರಿಗೆ ಕಾಣುತ್ತೆ ಅಂತ..."

"ಲಕ್ಷ್ಮಿಗೆ ಕಾಣಲ್ವಾ?"

ಶಂಕರನ ಸೋಮಾರಿತನವನ್ನು ನೆಂಟರಲ್ಲೆಲ್ಲ ಆಡಿಕೊಂಡವನು ನಾನೇ. ಅಂದು ಅವನ ಕೈ ಹಿಡಿದು ಕುಲುಕಿದೆ. ಬೆಳ್ಳಿಯನ್ನು ಯಾಕೆ ಉಜ್ಜಬಾರದು ಎಂದು ಸುಮಾಳಿಗೆ ಕಾಫಿ ಆರುವವರೆಗೂ ವಿವರಿಸಿದೆ. ನಾನು ಮನೆ ಮುಟ್ಟುವ ಮೊದಲೇ ಅದು ಅವಳ ಅಕ್ಕನಿಗೆ ಫೋನಿನಲ್ಲಿ ಮುಟ್ಟಿತ್ತು.

"ಬೆಳ್ಳಿ ವಿಷಯ ನಿಮಗೆ ಅಷ್ಟು ಚೆನ್ನಾಗಿ ಗೊತ್ತಂತಲ್ಲ" ಎಂದಳು ಹೆಂಡತಿ. "ಗೌರಿ ಹಬ್ಬಕ್ಕೆ ಬೆಳ್ಳಿ ಪಾತ್ರೆ ಎಲ್ಲಾ ನೀವೇ ನೋಡ್ಕೊಳ್ಳಿ."

ನಾಣ್ಯ ಡಬ್ಬಿಯಲ್ಲಿದೆ. ಡಬ್ಬಿಗೆ ಬೀಗ ಬಿದ್ದಿದೆ. ನಾಳೆ ಗೌರಿ ಹಬ್ಬ. ಇಂದು ಬೆಳಿಗ್ಗೆ ದೀಪಗಳು ಮತ್ತು ಆರತಿ ತಟ್ಟೆಯನ್ನು ಉಜ್ಜಿಯಾಗಿದೆ. ಚೊಂಬು ಬಾಕಿ ಇದೆ.